ವಿದ್ವಾನ್ ಗುರುವಯ್ಯನ ಒಂದೇ ಏಟು

ಬುಧವಾರ ರಾತ್ರಿ ಹತ್ತೂವರೆಗೆ ಬಾಗಿಲು ಬಡಿದ ಸದ್ದಾಯಿತು. ಮೂರು ಬಾರಿ. ಮೊದಲೆರಡು ಜೋರಾಗಿ, ಮೂರನೆಯದು ಆ ಎರಡಕ್ಕೂ ಕ್ಷಮೆ ಕೇಳುವಷ್ಟು ಮೆಲ್ಲಗೆ.

ಹೊನ್ನಾರೆ ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಗುರುವಯ್ಯ ಟಾರ್ಚು ಹಿಡಿದು ಬಾಗಿಲು ತೆರೆದಾಗ ಹೊರಗೆ ಯಾರೂ ಇರಲಿಲ್ಲ. ಮೆಟ್ಟಿಲ ಮೇಲೆ ಕಾಗದದಲ್ಲಿ ಸುತ್ತಿದ ಒಂದು ವಸ್ತು ಮಾತ್ರ ಮಲಗಿತ್ತು. ಬಿಚ್ಚಿ ನೋಡಿದ. ಸುತ್ತಿಗೆ. ಅದೂ ಯಾರದೋ ಸುತ್ತಿಗೆಯಲ್ಲ. ಎಸ್ಟೇಟಿನ ಗಂಟೆ ಹೊಡೆಯಲು ಇಪ್ಪತ್ತೆರಡು ವರ್ಷಗಳಿಂದ ತಾನೇ ಹಿಡಿಯುತ್ತಿದ್ದ, ಅಂದು ಸಂಜೆಯಷ್ಟೇ ಹಲಸಿನ ಮರದ ಮೊಳೆಗೆ ತಾನೇ ನೇತುಹಾಕಿ ಬಂದಿದ್ದ ಸುತ್ತಿಗೆ.

"ಯಾರ್ರೀ ಅದು?" ಒಳಗಿನಿಂದ ಹೆಂಡತಿ ತಿಮ್ಮಮ್ಮನ ಧ್ವನಿ.

"ಯಾರೂ ಇಲ್ಲ ಕಣೇ. ಸುತ್ತಿಗೆ ಬಂದಿದೆ."

"ಸುತ್ತಿಗೆ ಒಂದೇ ಬಂತಾ? ಜೊತೇಲಿ ಯಾರೂ ಇಲ್ವಾ?"

ಅರ್ಥವಾಗದ ಸಂಗತಿಗಳನ್ನು ಬೆಳಗ್ಗೆಗೆ ಮುಂದೂಡುವುದು ಗುರುವಯ್ಯನ ಜೀವನಕ್ರಮ. ಸುತ್ತಿಗೆಯನ್ನು ಮಂಚದ ಕೆಳಗಿಟ್ಟು ಮಲಗಿದ.

ಬೆಳಗ್ಗೆ ಏಳು ಇಪ್ಪತ್ತೈದಕ್ಕೆ ಸುತ್ತಿಗೆಯೊಂದಿಗೆ ಹಲಸಿನ ಮರದಡಿ ಹೋಗಿ ನಿಂತ. ಕೊಂಬೆಯಿಂದ ಇಳಿದ ಕಬ್ಬಿಣದ ತಂತಿ ಗಾಳಿಗೆ ತೂಗುತ್ತಿತ್ತು. ತಂತಿಯ ತುದಿಯಲ್ಲಿ ಏನೂ ಇರಲಿಲ್ಲ.

ಮೂಡಿಗೆರೆ ತಾಲ್ಲೂಕಿಗೆ ರೈಲು ಬಂದದ್ದಿಲ್ಲ. ಆದರೆ ಗೋಣಿಬೀಡಿನ ಪಕ್ಕದ ಹೊನ್ನಾರೆ ಎಸ್ಟೇಟಿಗೆ ಎರಡೂವರೆ ಅಡಿ ರೈಲುಮಾರ್ಗ ಬಂದು ಎಪ್ಪತ್ತು ವರ್ಷಗಳಾಗಿದ್ದವು. ಈಗಿನ ಯಜಮಾನ ಸುಬ್ಬಣ್ಣಗೌಡರ ಅಜ್ಜ ಅದನ್ನು ಅರಸೀಕೆರೆ ಕಡೆಯಿಂದ ಎತ್ತಿನ ಗಾಡಿಯಲ್ಲಿ ತಂದು ಹಲಸಿನ ಮರಕ್ಕೆ ತೂಗುಹಾಕಿದ್ದರು. ಏಳೂವರೆಗೆ ಒಂದು ಏಟು ಬಿದ್ದರೆ ಕೆಲಸ ಆರಂಭ. ಹನ್ನೆರಡೂವರೆಗೆ ಬಿದ್ದರೆ ಊಟ. ಒಂದೂವರೆಗೆ ಬಿದ್ದರೆ ಊಟಕ್ಕೆ ಕೂತವರೆಲ್ಲ ಒಟ್ಟಿಗೇ ಏಳಬೇಕು. ನಾಲ್ಕೂವರೆಗೆ ಬಿದ್ದರೆ ಮನೆ. ಮೂವತ್ತು ಕೆ.ಜಿ. ತೂಕದ ಆ ಹಳಿತುಂಡಿನ ನಾದ ಕಾಫಿ ಗುಡ್ಡದ ಮೂರು ಮಗ್ಗುಲಿಗೂ ಹರಿಯುತ್ತಿತ್ತು. ಏಟು ಜನರ ಕಿವಿಗೆ ಬೀಳುವುದಕ್ಕೆ ಮೊದಲು ಕಾಲಿಗೆ ಬೀಳುತ್ತಿತ್ತು.

ಅಂಥ ಹಳಿ ಈಗ ಮಾಯವಾಗಿತ್ತು. ಖಾಲಿ ತಂತಿಯ ಕೆಳಗೆ ಸುತ್ತಿಗೆ ಹಿಡಿದು ನಿಂತಿದ್ದವನು ಗುರುವಯ್ಯ ಒಬ್ಬನೇ.

ಸುತ್ತಲೂ ಅರವತ್ತು ಜನ ಹಣ್ಣು ಕೊಯ್ಯುವವರು ಬುಟ್ಟಿ ಸಮೇತ ಕೂತಿದ್ದರು. ಗಡಿಯಾರ ಏಳು ನಲವತ್ತು ತೋರಿಸುತ್ತಿತ್ತು. ಯಾರೂ ಏಳಲಿಲ್ಲ.

"ಯಾಕೆ ಕೂತಿದೀರಿ? ಹೊರಡಿ!" ಜೀಪಿನಿಂದ ಇಳಿದ ಸುಬ್ಬಣ್ಣಗೌಡರು ಗುಡುಗಿದರು.

ಕೊಯ್ಲಿನ ಗುಂಪಿಗೆ ಹಿರಿಯಳಾದ ಜವರಮ್ಮ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿ, "ಗಂಟೆ ಬಿದ್ದಿಲ್ವಲ್ಲ ಗೌಡ್ರೇ," ಎಂದಳು. "ಬೀಳ್ದಿದ್ದ ಗಂಟೆಗೆ ಎದ್ರೆ ನಾಳೆ ನೀವೇ ಕೇಳ್ತೀರಿ, ಯಾರನ್ ಕೇಳಿ ಎದ್ರಿ ಅಂತ."

ಗೌಡರು ಜೀಪಿನ ಹಾರ್ನು ಒತ್ತಿದರು. ಅರವತ್ತು ಜನರೂ ಶಿಸ್ತಿನಿಂದ ಎದ್ದು, ದಾರಿಯ ಎರಡೂ ಬದಿಗೆ ಸರಿದು, ಮತ್ತೆ ಕೂತರು.

"ಹಾರ್ನ್ ಹೊಡದ್ರೆ ದಾರಿ ಬಿಡೋದು ನಮ್ ಪದ್ಧತಿ," ಎಂದಳು ಜವರಮ್ಮ.

ಗೌಡರ ದೃಷ್ಟಿ ಗುರುವಯ್ಯನ ಕೈಯಲ್ಲಿದ್ದ ಸುತ್ತಿಗೆಯ ಮೇಲೆ ಬಿತ್ತು. ಅನಂತರ ಖಾಲಿ ತಂತಿಯ ಮೇಲೆ. ಕಡೆಗೆ ಗುರುವಯ್ಯನ ಮುಖದ ಮೇಲೆ.

"ವಿದ್ವಾಂಸರೇ," ಎಂದರು ಅವರು, ಆ ಪದವನ್ನು ಹಲ್ಲಿನ ಸಂದಿಯಿಂದ ಹೊರಡಿಸುತ್ತ, "ಶನಿವಾರ ಕತ್ತಲಾಗೋದ್ರೊಳಗೆ ನಮ್ಮಜ್ಜನ ಹಳಿ ಸಿಗ್ಬೇಕು. ಸಿಗದಿದ್ರೆ ಸೋಮವಾರದಿಂದ ಹಾಜರಿ ಚೆಕ್‌ರೋಲ್ ಬೇರೆಯವ್ರ ಕೈಲಿ, ಕ್ವಾರ್ಟರ್ಸ್ ಬೇರೆಯವ್ರಿಗೆ."

ವಿದ್ವಾಂಸ ಎಂಬ ಪದ ಎಲ್ಲಿಂದ ಬಂತೆಂದು ತಿಳಿಯಲು ಓದುಗರು ಆರು ವಾರ ಹಿಂದಕ್ಕೆ, 1998ರ ಡಿಸೆಂಬರಿನ ಮೊದಲ ವಾರಕ್ಕೆ ಬರಬೇಕು.

ಗೋಣಿಬೀಡು ಹವ್ಯಾಸಿ ಕಲಾ ಸಂಘ ಎಂಬುದು ಒಬ್ಬ ಪೋಸ್ಟ್‌ಮ್ಯಾನ್, ಒಬ್ಬ ಬಸ್ ಕಂಡಕ್ಟರ್, ಒಬ್ಬ ಕಾಂಪೌಂಡರ್, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಒಬ್ಬ ಮೆಕ್ಯಾನಿಕ್ ಮತ್ತು ಇವರನ್ನೆಲ್ಲ ಹೈಸ್ಕೂಲಿನಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ್ದ ನಿವೃತ್ತ ಸಂಗೀತ ಶಿಕ್ಷಕಿ ಗಿರಿಜಾಂಬಾ ಸೇರಿ ನಡೆಸುತ್ತಿದ್ದ ಸಂಸ್ಥೆ. ಬೆಳಗ್ಗೆಯಿಂದ ಸೈಕಲ್ಲು ತುಳಿದವನು, ಘಾಟಿ ರಸ್ತೆಯಲ್ಲಿ ನಿಂತೇ ಟಿಕೇಟು ಹರಿದವನು ಮಧ್ಯಾಹ್ನ ಓಡಿಬಂದು ಬೆವರೊರೆಸಿಕೊಂಡು ಷಡ್ಜ ಹಿಡಿಯುತ್ತಿದ್ದ ಪರಿ ನೋಡಿದರೆ ಎಂಥವರಿಗೂ ತಲೆಬಾಗಬೇಕೆನಿಸುತ್ತಿತ್ತು. ಆ ವರ್ಷ ಅವರು ಕಟ್ಟುತ್ತಿದ್ದುದು 'ಹೂವಿನಿಂದ ಲೋಟದವರೆಗೆ' ಎಂಬ ಗೀತರೂಪಕ: ಕಾಫಿ ಹೂವು ಅರಳುವುದರಿಂದ ಹಿಡಿದು ಲೋಟಕ್ಕೆ ಡಿಕಾಕ್ಷನ್ ಬೀಳುವವರೆಗಿನ ಹನ್ನೊಂದು ಹಾಡು, ನಾಲ್ಕು ನಗೆತುಣುಕು, ಒಂದು ಚಿರತೆ.

ಕಡೆಯ ಹಾಡಿನ ಕಡೆಯ ಅಕ್ಷರಕ್ಕೆ ಗಿರಿಜಾಂಬಾಗೆ ಒಂದು ನಾದ ಬೇಕಾಗಿತ್ತು. ಕೊಳಗ ಬಡಿದು ನೋಡಿದರು, ಶಾಲೆಯ ಗಂಟೆ ನೋಡಿದರು. ಒಂದು ಮಧ್ಯಾಹ್ನ ಹೊನ್ನಾರೆಯ ಹಳಿ ಮೊಳಗಿದ್ದು ಕೇಳಿ ಬಸ್ ನಿಲ್ದಾಣದಲ್ಲೇ ಛತ್ರಿ ಮಡಚಿ ನಿಂತುಬಿಟ್ಟರು. "ಅದು ಗಂಟೆಯಲ್ಲ ಮಾರಾಯ, ಅದು ಪಂಚಮ," ಎಂದು ಪಕ್ಕದಲ್ಲಿದ್ದ ಅಪರಿಚಿತನಿಗೆ ಹೇಳಿದರಂತೆ. ಮಾರನೆಯ ದಿನವೇ ಇಡೀ ತಂಡ ಹಲಸಿನ ಮರದ ಪಕ್ಕದ ಖಾಲಿ ಶಾಲೆಕಟ್ಟಡಕ್ಕೆ ತಾಲೀಮು ಬದಲಿಸಿತು. ಹಳಿ ಹೊಡೆಯುವ ಕಲಾವಿದನಾಗಿ ಗುರುವಯ್ಯನ ನೇಮಕವಾಯಿತು. ಪಾತ್ರ: ಒಂದು ಏಟು.

ಮೊದಲ ತಾಲೀಮಿನ ದಿನ ಆ ಏಟು ಬಿದ್ದದ್ದು ಮಧ್ಯಾಹ್ನ ಎರಡೂ ಮುಕ್ಕಾಲಿಗೆ. ಅರವತ್ತು ಜನ ಬುಟ್ಟಿ ಇಳಿಸಿ, ಹಣ್ಣು ತೂಗಿಸಿ, ಕೈಕಾಲು ತೊಳೆದು ಮನೆಗೆ ಹೋದರು. ಪಕ್ಕದ ಎಸ್ಟೇಟಿನವರೂ ಹೋದರು. ಕೊಯ್ಲಿನ ಭರದಲ್ಲಿ ಗಿಡದಲ್ಲಿ ಕೆಂಪಗೆ ಹಣ್ಣು ನೇತಾಡುತ್ತಿರುವಾಗ ಎರಡು ಗುಡ್ಡಗಳು ಬಿಕೋ ಎಂದವು. ಗೌಡರು ತಪ್ಪಿತಸ್ಥನನ್ನು ಹುಡುಕಿಕೊಂಡು ಬಂದರೆ ಅವನು ಇಡೀ ತಂಡದಿಂದ ಚಪ್ಪಾಳೆ ಸ್ವೀಕರಿಸುತ್ತಿದ್ದ.

ರಾಜಿಯಾಯಿತು. ತಾಲೀಮಿಗೆ ನಾಲ್ಕೂವರೆಯ ಏಟನ್ನು ಮಾತ್ರ ಬಳಸಿಕೊಳ್ಳಬಹುದು. ಹೀಗಾಗಿ ಜಗತ್ತಿನ ಯಾವ ನಾಟಕ ತಂಡವೂ ಮಾಡದ ಕೆಲಸವನ್ನು ಗೋಣಿಬೀಡಿನ ತಂಡ ಮಾಡಿತು: ಇಡೀ ರೂಪಕವನ್ನು ಕೊನೆಯಿಂದ ಹಿಂದಕ್ಕೆ ಅಳೆದು, ಕಡೆಯ ಅಕ್ಷರ ಸರಿಯಾಗಿ ನಾಲ್ಕೂವರೆಗೆ ಮುಗಿಯುವಂತೆ ಹಾಡಿತು. ಗುರುವಯ್ಯನಿಗೆ ತಾಳಜ್ಞಾನವಿರಲಿಲ್ಲ, ಕೈಗಡಿಯಾರವಿತ್ತು. ಅವನು ಮುಳ್ಳು ನೋಡಿ ಹೊಡೆಯುತ್ತಿದ್ದ. ಹಾಡುಗಾರರು ಅವನ ಎತ್ತಿದ ಕೈ ನೋಡಿ ಹಾಡು ಮುಗಿಸುತ್ತಿದ್ದರು. ಆರು ವಾರ ಹಾಡು ಅವನಿಗಾಗಿ ಕಾದಿತ್ತು. ಅವನು ಹಾಡಿಗಾಗಿ ಒಂದು ದಿನವೂ ಕಾಯಲಿಲ್ಲ. ಇದರಲ್ಲಿ ಅಡಗಿದ್ದ ಅಪಾಯ ಯಾರಿಗೂ ಹೊಳೆಯಲಿಲ್ಲ.

ಗುಡ್ಡದ ಮೇಲಿನ ಕೊಯ್ಲಿನವರಿಗೆ ಇದರಿಂದ ಅನುಕೂಲವೇ ಆಯಿತು. "ಚಿರತೆ ಕೂಗ್ತು, ಇನ್ನೊಂದ್ ಬುಟ್ಟಿ ಆಗತ್ತೆ," ಎಂದು ಜವರಮ್ಮ ಲೆಕ್ಕ ಹಾಕುತ್ತಿದ್ದಳು. ಕಡೆಯ ಹಾಡು ಶುರುವಾದರೆ ಬೆರಳುಗಳೂ ಆ ನಡೆಗೇ ಹಣ್ಣು ಬಿಡಿಸುತ್ತಿದ್ದವು.

ಎಡವಟ್ಟಾದದ್ದು ಕರಪತ್ರದಲ್ಲಿ. ಹಸ್ತಪ್ರತಿಯನ್ನು ಮೂಡಿಗೆರೆಯ ಪ್ರೆಸ್ಸಿಗೆ ಒಯ್ಯುವ ಹೊಣೆ ಗುರುವಯ್ಯನದು. 'ಗಂಟೆ: ಗುರುವಯ್ಯ' ಎಂದು ಗಿರಿಜಾಂಬಾ ಬರೆದಿದ್ದರು. ಬಸ್ಸಿನಲ್ಲಿ ಕೂತು ನೋಡಿದಾಗ ಆ ಸಾಲು ಅವನಿಗೆ ಬಹಳ ಬೋಳುಬೋಳಾಗಿ ಕಂಡಿತು. ಅಚ್ಚಾಗಿ ಬಂದಾಗ ಅದು ಹೀಗಿತ್ತು: 'ಲೋಹವಾದ್ಯ: ವಿದ್ವಾನ್ ಗುರುವಯ್ಯ, ಹೊನ್ನಾರೆ.'

ಗಿರಿಜಾಂಬಾ ಕರಪತ್ರವನ್ನು ದೂರ ಹಿಡಿದು ಓದಿ, ಹತ್ತಿರ ಹಿಡಿದು ಓದಿ, ಬೈಯಲಿಲ್ಲ. "ಹಾಕಿಸ್ಕೊಂಡಿದೀಯ. ಇನ್ನು ಹಾಗೆ ಹೊಡೀಬೇಕು," ಎಂದರು. ಬೈದಿದ್ದರೆ ಎಷ್ಟೋ ಮೇಲಿತ್ತು. ಕಳಸದಿಂದ ತಿಮ್ಮಮ್ಮನ ತವರಿನ ಹದಿನಾಲ್ಕು ಜನ ಜೀಪು ಮಾಡಿಕೊಂಡು ಭಾವನ ಕಚೇರಿ ಕೇಳಲು ಬರುವುದಾಗಿ ತಿಳಿಸಿದರು. ಬರುವವರಲ್ಲಿ ಒಬ್ಬರಿಗೆ ಶಾಸ್ತ್ರೀಯ ಸಂಗೀತ ತಿಳಿದಿತ್ತು.

ಕರಪತ್ರ ಕೊಡಲು ದೊಡ್ಡಮನೆಗೆ ಹೋದಾಗ ಜಗಲಿಯ ಮೇಲೆ ಗೌಡರ ತಾಯಿ ದ್ಯಾವಮ್ಮನವರು ಕೆಂಗಂದು ಶಾಲು ಹೊದ್ದು ಕೂತಿದ್ದರು. ಒಲೆಯ ಕಿಡಿ ಹಾರಿ ಮೂಲೆಯಲ್ಲಿ ಕಾಸಿನಗಲ ತೂತಾಗಿದ್ದ ಆ ಶಾಲನ್ನು ಅವರು ಬೇಸಿಗೆಯಲ್ಲೂ ಬಿಟ್ಟವರಲ್ಲ. ವಯಸ್ಸು ಎಂಬತ್ತೆರಡು. ಕಿವಿ ಹೋಗಿ ಹನ್ನೆರಡು ವರ್ಷ. ಜೀಪಿನ ಹಾರ್ನು, ದೀಪಾವಳಿಯ ಪಟಾಕಿ, ಮಗನ ಕೂಗಾಟ ಯಾವುದೂ ಕೇಳಿಸದು. ಮೂರನೆಯದರ ಮಟ್ಟಿಗೆ ಅದು ಅವರ ಪುಣ್ಯ. ಲೋಕದಲ್ಲಿ ಅವರಿಗೆ ಇನ್ನೂ ಕೇಳಿಸುತ್ತಿದ್ದುದು ಹಳಿಯ ಏಟು ಒಂದೇ. ಅದೂ ಕಿವಿಯಲ್ಲಲ್ಲ, ಎದೆಗೂಡಿನಲ್ಲಿ ಎನ್ನುತ್ತಿದ್ದರು. ಅವರ ಕಾಫಿ, ಗಂಜಿ, ಮಾತ್ರೆ ಎಲ್ಲವೂ ಏಟಿಗೆ ಸರಿಯಾಗಿ ನಡೆಯುತ್ತಿದ್ದವು.

ದ್ಯಾವಮ್ಮನವರು ಕರಪತ್ರವನ್ನು ಬೆರಳಿಟ್ಟು ಓದಿದರು. "ಹನ್ನೊಂದ್ ಹಾಡಾ! ಇದ್ರಲ್ಲಿ ನಂಗೆ ಕೇಳ್ಸೋದು ಯಾವ್ದೋ?"

ಗುರುವಯ್ಯ ಹಳಿ ಹೊಡೆಯುವ ಅಭಿನಯ ಮಾಡಿ ತೋರಿಸಿದ.

"ಎಷ್ಟ್ ಏಟು?"

ಗುರುವಯ್ಯ ಒಂದು ಬೆರಳೆತ್ತಿದ.

"ಒಂದೇಯಾ? ಅಷ್ಟ್ ದೂರ ಬಂದು, ಅಷ್ಟ್ ಹೊತ್ತು ಚಳೀಲಿ ಕೂತು, ಒಂದೇಯಾ?"

ಅಷ್ಟರಲ್ಲಿ ಗೌಡರು ಹೊರಬಂದರು. ಪ್ರದರ್ಶನ ಗೋಣಿಬೀಡಿನ ಸಂತೆ ಮೈದಾನದಲ್ಲಿರುವುದರಿಂದ ಹಳಿಯನ್ನು ಒಂದು ಸಂಜೆಯ ಮಟ್ಟಿಗೆ ಇಳಿಸಿಕೊಡಬೇಕೆಂದು ಗುರುವಯ್ಯ ಗಂಟಲು ಸರಿಮಾಡಿಕೊಂಡು ಕೇಳಿದ. ಗೌಡರು ಹಲಸಿನ ಮರದ ಕಡೆ ಕೈ ತೋರಿಸಿ, "ಎಪ್ಪತ್ತು ವರ್ಷದಿಂದ ಆ ಮರದಿಂದ ಇಳಿದಿಲ್ಲ. ಇಳಿಯೋದೂ ಇಲ್ಲ," ಎಂದು ತಲೆ ಅಡ್ಡಡ್ಡ ಆಡಿಸಿದರು. ಜಗಲಿಯಲ್ಲಿ ಕೂತ ದ್ಯಾವಮ್ಮನವರು ಮಗನ ಕೈಯನ್ನೂ ತಲೆಯನ್ನೂ ನೋಡಿ ಕರಪತ್ರವನ್ನು ನಾಲ್ಕಾಗಿ ಮಡಚಿದರು.

ಸುದ್ದಿ ತಿಳಿದ ಗಿರಿಜಾಂಬಾ ಮಾತ್ರ ಇಡೀ ತಂಡದೆದುರು, "ಬೇಡಿ ತಗೋತೀನಿ. ಇಲ್ಲಾ ಕದ್ದು ತಗೋತೀನಿ," ಎಂದು ಘೋಷಿಸಿಬಿಟ್ಟಿದ್ದರು.

ಈಗ ಮರಳಿ ಗುರುವಾರಕ್ಕೆ.

ಗೌಡರು ಹೇಳಿಕಳಿಸಿದ್ದರಿಂದ ಮಧ್ಯಾಹ್ನ ಹೆಡ್ ಕಾನ್‌ಸ್ಟೇಬಲ್ ಭೂತಯ್ಯ ನೋಟುಬುಕ್ಕಿನೊಂದಿಗೆ ಬಂದ. ದಪ್ಪ ಮೀಸೆ, ತೆಳು ಧ್ವನಿ. ಮೊದಲು ಖಾಲಿ ತಂತಿಯನ್ನು ಅಳೆದ. ಬಳಿಕ ಮರದಡಿ ಬಗ್ಗಿ ಟೈರಿನ ಗುರುತುಗಳನ್ನು ಪರಿಶೀಲಿಸಿ, "ಜೀಪಿನಲ್ಲಿ ಸಾಗಿಸಿದಾರೆ," ಎಂದ.

"ಯಾರ ಜೀಪು?"

"ನಿಮ್ದೇ."

"ನನ್ನ ತೋಟದಲ್ಲಿ ನನ್ನ ಜೀಪಿನ ಗುರುತಿರದೆ ಇನ್ಯಾರದ್ದಿರತ್ತೆ ಮಾರಾಯ!" ಎಂದು ಗೌಡರು ಸಿಡುಕಿದರು. ಭೂತಯ್ಯ ಆ ಸಾಲನ್ನು ಹೊಡೆದುಹಾಕಿದ. ಪಕ್ಕದಲ್ಲಿ ನಿಂತಿದ್ದ ಮುದಿ ಡ್ರೈವರ್ ಲಕ್ಕಯ್ಯ ಆಕಾಶ ನೋಡಿ, ಈ ವರ್ಷ ಕಾಫಿ ಅರಳಿಸುವ ಹೂಮಳೆ ಬೇಗ ಬರಬಹುದೆಂದು ಅಭಿಪ್ರಾಯಪಟ್ಟ.

ವಿಚಾರಣೆ ಗುರುವಯ್ಯನ ಮನೆಗೆ ಬಂತು.

"ಸುತ್ತಿಗೆ ನಿಮ್ ಮನೇಲಿ. ಹಳಿ ಎಲ್ಲಿ?"

"ನಂಗೆ ಗೊತ್ತಿಲ್ಲ ಸಾರ್. ಸುತ್ತಿಗೆ ತಾನಾಗೇ ಬಂತು."

"ಬಂತು ಅನ್ನೋಕೆ ಸಾಕ್ಷಿ?"

"ನನ್ನ ಹೆಂಡ್ತಿ."

ತಿಮ್ಮಮ್ಮ ಸತ್ಯವಂತೆ. "ಬಾಗ್ಲು ಬಡ್ದಿದ್ದು ಕೇಳ್ತು ಸಾರ್. ನೋಡಿದ್ದಿಲ್ಲ. ಇವ್ರೇ ಹೊರಗೋಗಿ ಬಡ್ಕೊಂಡು ಒಳಗ್ ಬಂದಿದ್ರೂ ನಂಗೆ ತಿಳಿಯೋದಲ್ಲ."

ಇಪ್ಪತ್ತು ವರ್ಷದ ದಾಂಪತ್ಯ ಒಂದು ವಾಕ್ಯದಲ್ಲಿ ಕುಸಿದುಬಿದ್ದುದನ್ನು ಗುರುವಯ್ಯ ಕಣ್ಣಾರೆ ಕಂಡ.

ಸಂಜೆ ಭೂತಯ್ಯ ತಾಲೀಮಿನ ಕಟ್ಟಡಕ್ಕೆ ನುಗ್ಗಿದ. "ಗಿರಿಜಾಂಬಾ ಅವ್ರೇ, ಕದ್ದಾದ್ರೂ ತಗೋತೀನಿ ಅಂದಿದ್ರಂತೆ?"

"ಅಂದಿದ್ದೆ. ಯಾರೋ ನಂಗಿಂತ ಮುಂಚೆ ಕದ್ದಿದಾರೆ. ಸಿಕ್ಕಿದ್ರೆ ಹೇಳಿ, ನೆಲದ ಮೇಲೆ ಎಸೀಬೇಡಿ, ನಾದ ಕೆಡತ್ತೆ ಅಂತ. ಈಗ ಕೂತ್ಕೊಳ್ಳಿ, ಏಳನೇ ಹಾಡು ನಡೀತಿದೆ. ನಿಂತ್ರೆ ಪೋಸ್ಟ್‌ಮ್ಯಾನ್‌ಗೆ ಕುಣಿಯೋಕೆ ಜಾಗ ಸಾಲಲ್ಲ."

ಭೂತಯ್ಯ ಕೂತ. ಏಳನೆಯ ಹಾಡಿಗೆ ಬಂದವನು ಹನ್ನೊಂದನೆಯದಕ್ಕೂ ಇದ್ದ. ಹೋಗುವಾಗ ತನಿಖೆ ಮುಗಿದಿಲ್ಲವೆಂದೂ ನಾಳೆ ಮೊದಲ ಹಾಡಿನಿಂದಲೇ ಆರಂಭಿಸಬೇಕಾಗುವುದೆಂದೂ ತಿಳಿಸಿದ.

ಬದಲಿ ವಾದ್ಯದ ಹುಡುಕಾಟ ಶುರುವಾಯಿತು. ಖಾಲಿ ಗ್ಯಾಸ್ ಸಿಲಿಂಡರಿಗೆ ಗುರುವಯ್ಯ ಒಂದು ಏಟು ಕೊಟ್ಟ. ಅದು ಖಾಲಿಯೆಂದು ನಂಬದ ಕಲಾವಿದರು ಕಿಟಕಿಯಿಂದ ಹಾರಿದರು. ಮೆಕ್ಯಾನಿಕ್ ಲಾರಿಯ ಚಕ್ರದ ರಿಮ್ಮು ತಂದ. ಗಿರಿಜಾಂಬಾ ಕಣ್ಣು ಮುಚ್ಚಿ ಆಲಿಸಿ, "ಪಂಚಮ ಇರೋ ಜಾಗದಲ್ಲಿ ಸೈಕಲ್ ಬಿದ್ದ ಹಾಗಿದೆ," ಎಂದರು. ಆದರೂ ಬೇರೆ ಗತಿಯಿಲ್ಲದೆ ರಿಮ್ಮೇ ನಿಶ್ಚಯವಾಯಿತು.

ದೊಡ್ಡಮನೆಯಲ್ಲಿ ಪರಿಸ್ಥಿತಿ ಇನ್ನೂ ಬಿಗಡಾಯಿಸಿತ್ತು. ಬೆಳಗಿನ ಕಾಫಿ ತಂದಿಟ್ಟರೆ ದ್ಯಾವಮ್ಮನವರು ಲೋಟ ಹಿಂದಕ್ಕೆ ತಳ್ಳಿ, "ಏಟು ಬಿದ್ದಿಲ್ವಲ್ಲ," ಎಂದರು. ಮಧ್ಯಾಹ್ನದ ಮಾತ್ರೆಗೂ ಅದೇ ಉತ್ತರ. ಮಗ ಗಡಿಯಾರವನ್ನೇ ಮುಖದ ಮುಂದೆ ಹಿಡಿದರು. "ಅದ್ರ ಮಾತು ಕೇಳಿ ನಾನ್ಯಾವತ್ತು ಉಂಡಿದೀನಿ? ಹಳಿ ಕಳ್ಕೊಂಡ ಯಜಮಾನ ನೀನು!" ಎಂದು ತಾಯಿ ಕಣ್ಣೊರೆಸಿಕೊಂಡರು. ಗೌಡರು ಭೂತಯ್ಯನನ್ನು ಮತ್ತಷ್ಟು ಬೈದರು. ಭೂತಯ್ಯ ಗುರುವಯ್ಯನನ್ನು ಮತ್ತಷ್ಟು ಕೇಳಿದ. ತಂತಿ ಮಾತ್ರ ಖಾಲಿಯಾಗಿಯೇ ತೂಗುತ್ತಿತ್ತು.

ಪ್ರದರ್ಶನದ ಶನಿವಾರ ಬಂದೇಬಿಟ್ಟಿತು.

ಸಂತೆ ಮೈದಾನದಲ್ಲಿ ಬಿದಿರು, ಅಡಿಕೆ ದಬ್ಬೆಗಳ ರಂಗಸ್ಥಳ ಎದ್ದು ನಿಂತಿತ್ತು. ಏಳೆಂಟು ಎಸ್ಟೇಟುಗಳ ಜನ ಚಾಪೆ, ಮಕ್ಕಳು, ಬುತ್ತಿಗಳೊಂದಿಗೆ ತುಂಬಿದ್ದರು. ಮುಂದಿನ ಸಾಲಿನಲ್ಲಿ ಕಳಸದ ಹದಿನಾಲ್ಕು ಜನ ವಿದ್ವಾಂಸನ ದಾರಿ ಕಾಯುತ್ತಿದ್ದರು. ಪಕ್ಕದ ಬೆತ್ತದ ಕುರ್ಚಿಯಲ್ಲಿ ದ್ಯಾವಮ್ಮನವರು, ಜನವರಿಯ ಆ ಚಳಿಯಲ್ಲಿ, ಮಗನ ಕಂದು ಕೋಟು ತೊಟ್ಟು ಕೂತಿದ್ದರು. ಕೋಟಿಲ್ಲದ ಮಗ ಪಕ್ಕದಲ್ಲಿ ನಡುಗುತ್ತ, "ಶಾಲು ಒಗೆಯೋಕೆ ಹಾಕೋಕೆ ಇವತ್ತೇ ಬೇಕಿತ್ತಾ," ಎಂದು ಗೊಣಗುತ್ತಿದ್ದರು.

ಕಾರ್ಯಕ್ರಮ ಐದಕ್ಕೆ ಶುರುವಾಗಬೇಕಿತ್ತು. ಆದರೆ ಮುಖ್ಯ ಅತಿಥಿಗಳು ಕಾಫಿಯ ಇತಿಹಾಸವನ್ನು ಬಾಬಾಬುಡನ್‌ಗಿರಿಯ ಏಳು ಬೀಜಗಳಿಂದ ಆರಂಭಿಸಿ ಒಂದೊಂದು ಬೀಜಕ್ಕೂ ಏಳು ನಿಮಿಷ ತೆಗೆದುಕೊಂಡರು. ಕಡೆಗೊಮ್ಮೆ ಪರದೆ ಸರಿಯಿತು.

ಅನಂತರ ನಡೆದದ್ದನ್ನು ಗೋಣಿಬೀಡಿನವರು ಇಂದಿಗೂ ವರ್ಣಿಸುತ್ತಾರೆ. ಐವತ್ತಮೂರು ವರ್ಷದ ಪೋಸ್ಟ್‌ಮ್ಯಾನ್ ಬಿಳಿ ಪಂಚೆಯೊಂದರಿಂದ ಇಡೀ ತೋಟಕ್ಕೆ ಹೂವರಳಿಸಿದ; ಹಿಂದಿನ ಸಾಲಿನ ಹೆಂಗಸರು ಘಮ ಬಂತೆಂದು ಮೂಗರಳಿಸಿದರು. ಕಂಡಕ್ಟರು ಎತ್ತರದ ಸ್ವರದಲ್ಲಿ ನಿಂತಾಗ ಅವನ ಬಸ್ಸಿನಲ್ಲಿ ದಿನವೂ ಚಿಲ್ಲರೆಗಾಗಿ ಜಗಳವಾಡುತ್ತಿದ್ದವರು ಕಣ್ಣೊರೆಸಿಕೊಂಡರು. ಕಾಂಪೌಂಡರನ ಚಿರತೆಗೆ ಹೆದರಿ ಎರಡು ನಾಯಿಗಳು ಓಡಿಹೋದವು.

ದ್ಯಾವಮ್ಮನವರು ಮಾತ್ರ ಕಲ್ಲಿನಂತೆ ಕೂತಿದ್ದರು.

ಒಂಬತ್ತನೆಯ ಹಾಡಿನ ವೇಳೆಗೆ ಗುರುವಯ್ಯ ಸುತ್ತಿಗೆ ಹಿಡಿದು, ಗಲ್ಲಿಗೆ ಹೊರಟವನ ಹೆಜ್ಜೆಯಲ್ಲಿ ಹಿಂಪರದೆಯ ಬಳಿಗೆ ಹೋದ. ಅಲ್ಲಿ ಲಾರಿಯ ರಿಮ್ಮು ತನಗಾಗಿ ಕಾದಿರುತ್ತದೆ, ಅದನ್ನು ಹೊಡೆದರೆ ಸೈಕಲ್ಲು ಬೀಳುತ್ತದೆ, ಕಳಸದವರು ನಗುತ್ತಾರೆ, ಸೋಮವಾರ ಮನೆ ಖಾಲಿ ಮಾಡಬೇಕು. ಪರದೆ ಸರಿಸಿದ.

ರಿಮ್ಮು ನೆಲದ ಮೇಲೆ ಬಿದ್ದಿತ್ತು. ಅದರ ಜಾಗದಲ್ಲಿ, ಸರಿಯಾಗಿ ಅವನ ಭುಜದ ಎತ್ತರಕ್ಕೆ, ಹೊಸ ಹಗ್ಗದಲ್ಲಿ ಹಳಿ ತೂಗುತ್ತಿತ್ತು.

ಗುರುವಯ್ಯ ಬೆರಳಿಂದ ಮುಟ್ಟಿದ. ನಡುವೆ, ಇಪ್ಪತ್ತೆರಡು ವರ್ಷಗಳಿಂದ ತಾನೇ ಕೊರೆದ ನಾಣ್ಯದಗಲದ ಗುಳಿ. ಅವನದೇ ಹಳಿ. ಯಾರು ತಂದರು, ಯಾವಾಗ ಕಟ್ಟಿದರು ಎಂಬುದನ್ನು ಅವನು ತನ್ನ ಪದ್ಧತಿಯಂತೆ ಬೆಳಗ್ಗೆಗೆ ಮುಂದೂಡಿದ. 'ಬಂದೋಬಸ್ತಿಗಾಗಿ' ಹಿಂಪರದೆಯಲ್ಲೇ ರಂಗದ ಕಡೆಗೆ ಮುಖಮಾಡಿ ಕೂತು ಎಲ್ಲ ಹಾಡುಗಳಿಗೂ ತುಟಿಯಾಡಿಸುತ್ತಿದ್ದ ಭೂತಯ್ಯ, ಹಳಿಯ ಕೆಳಗೆ ಬಿದ್ದಿದ್ದ ಒಂದು ಬಟ್ಟೆಯನ್ನು ಎತ್ತಿ ಕಂಕುಳಲ್ಲಿ ಇರಿಸಿಕೊಂಡ.

ಹನ್ನೊಂದನೆಯ ಹಾಡು ಆರಂಭವಾಯಿತು. ಹಿಂಪರದೆ ಸರಿದು ಹಳಿಯೂ ವಿದ್ವಾಂಸನೂ ಬೆಳಕಿಗೆ ಬಂದಾಗ ಹೊನ್ನಾರೆಯವರು ಹೋ ಎಂದರು. ಮುಂದಿನ ಸಾಲಿನಲ್ಲಿ ಗೌಡರು ಅರ್ಧ ಎದ್ದರು. ಗುರುವಯ್ಯ ಅಭ್ಯಾಸಬಲದಿಂದ ಕೈಗಡಿಯಾರ ನೋಡಿಕೊಂಡ.

ಎಂಟು ಹನ್ನೆರಡು.

ನಾಲ್ಕೂವರೆಗೆ ಎಲ್ಲಿ ಹೊಡೆಯಬೇಕೆಂದು ಅವನಿಗೆ ಗೊತ್ತು. ಎಂಟು ಹನ್ನೆರಡಕ್ಕೆ ಎಲ್ಲಿ ಹೊಡೆಯಬೇಕು? ಹಾಡಿಗೆ ನಾಲ್ಕು ನುಡಿಯೋ ಮೂರೋ? ಆರು ವಾರಗಳಲ್ಲಿ ಅವನು ಕೇಳಿದ್ದು ಮುಳ್ಳಿನ ಮಾತನ್ನೇ ಹೊರತು ಹಾಡನ್ನಲ್ಲ. ಮೂರನೆಯ ನುಡಿ ಮುಗಿದು ಹಾಡುಗಾರರು ಉಸಿರೆಳೆದುಕೊಳ್ಳಲು ಅರೆಗಳಿಗೆ ನಿಂತರು. ಆ ಮೌನ ಗುರುವಯ್ಯನಿಗೆ ಅಂತ್ಯದಂತೆ ಕಂಡಿತು.

ಅವನು ಕೈಯೆತ್ತಿ, ಕಣ್ಣು ಮುಚ್ಚಿ, ಇಪ್ಪತ್ತೆರಡು ವರ್ಷಗಳನ್ನೂ ಸೇರಿಸಿ ಹೊಡೆದ.

ಆ ನಾದ ರಂಗದಿಂದ ಹೊರಟು ಮೈದಾನ ದಾಟಿ ಗುಡ್ಡ ಮುಟ್ಟಿ ಹಿಂದಿರುಗಿತು. ಕಣ್ಣು ತೆರೆದು ನೋಡುತ್ತಾನೆ: ಕೂತಿದ್ದ ಜನರೆಲ್ಲ ಒಟ್ಟಿಗೇ ಎದ್ದು ನಿಂತಿದ್ದಾರೆ. ಕೆಲವರು ಚಾಪೆ ಸುತ್ತುತ್ತಿದ್ದಾರೆ. ಕೆಲವರು ಮಗುವನ್ನು ಕಂಕುಳಿಗೆ ಏರಿಸಿದ್ದಾರೆ. ಏಟು ಬಿದ್ದರೆ ಏಳಬೇಕು; ಅದು ಕಾಲುಗಳಿಗೆ ತಿಳಿದ ಕಾನೂನು. ಮುಖ್ಯ ಅತಿಥಿಗಳು ಹಿಂದಿರುಗಿ ನೋಡಿ, ಇಡೀ ಸಭೆ ಗೌರವದಿಂದ ಎದ್ದಿದೆಯೆಂದು ಭಾವಿಸಿ ಗಡಬಡಿಸಿ ತಾವೂ ಎದ್ದರು. ಕಳಸದ ಹದಿನಾಲ್ಕು ಜನ ಎದ್ದರು. ಶಾಸ್ತ್ರೀಯ ಸಂಗೀತ ತಿಳಿದವರು ಎಲ್ಲರಿಗಿಂತ ನೆಟ್ಟಗೆ ನಿಂತರು.

ರಂಗದ ಮೇಲೆ ಗಿರಿಜಾಂಬಾರ ಮುಖ ಬಿಳಿಚಿತು. ನಾಲ್ಕನೆಯ ನುಡಿ ಇನ್ನೂ ಬಾಕಿಯಿತ್ತು. ಕಂಡಕ್ಟರನ ಬಾಯಿ ತೆರೆದೇ ಇತ್ತು, ಸ್ವರ ಹೊರಡಲಿಲ್ಲ.

ಆಗ ಮೈದಾನದ ನಡುವಿನಿಂದ ಜವರಮ್ಮನ ಗಂಟಲು ಕೇಳಿಸಿತು. "ರೈಟ್ರು ಬೇಗ ಹೊಡ್ದ್ರು ಕಣ್ರೇ! ಹೋಗ್ಲಿ ಬಿಡಿ. ಏಟು ಬಿದ್ದ್ ಮೇಲೆ ಮಾಡಿದ್ದು ಯಜಮಾನ್ರ ಬಾಬ್ತಲ್ಲ, ನಮ್ಮ ಸ್ವಂತದ್ದು. ಹಾಡಿ!" ಎಂದವಳೇ ತಾನೇ ಎತ್ತಿಕೊಂಡಳು:

ಬುಟ್ಟಿಯ ಹಣ್ಣು ತೋಟದ ಒಡೆಯಗೆ,
ಬಟ್ಟಲ ಘಮಲು ಪೇಟೆಯ ಜನಕೆ;
ಬೆರಳಿಗೆ ಅಂಟಿದ ಸಿಹಿಯ ಜಿಗುಟು
ನಮ್ಮದು, ನಮ್ಮದು, ಮನೆಗೆ!

ಆರು ವಾರ ಗುಡ್ಡದ ಮೇಲಿನಿಂದ ಕೇಳಿ ಕೇಳಿ ಹೊನ್ನಾರೆಯ ಅರವತ್ತು ಜನರಿಗೂ ಆ ಹಾಡು ಬಾಯಿಪಾಠವಾಗಿತ್ತು. ಅರವತ್ತು ಜನ ಹಾಡಿದರು. ಪಕ್ಕದ ಎಸ್ಟೇಟಿನವರು ಸೇರಿಕೊಂಡರು. ಗಿರಿಜಾಂಬಾ ನಲವತ್ತು ವರ್ಷ ಪಾಠ ಹೇಳಿದವರು. ಸುಮ್ಮನೆ ರಂಗದ ಅಂಚಿಗೆ ಬಂದು ಬೆನ್ನನ್ನು ತಂಡಕ್ಕೆ ತಿರುಗಿಸಿ, ಮೈದಾನಕ್ಕೆ ಕೈಯಾಡಿಸತೊಡಗಿದರು. ಎದ್ದು ನಿಂತವರು ಎದ್ದಂತೆಯೇ ಹಾಡಿದರು. ಭೂತಯ್ಯ ಹಿಂಪರದೆಯಲ್ಲಿ ತನಿಖೆ ಮರೆತು ತಾರಸ್ಥಾಯಿಗೆ ಹೋದ. ಕಡೆಯ ಅಕ್ಷರ ಬರುವಾಗ ಗಿರಿಜಾಂಬಾ ತಲೆ ತಿರುಗಿಸಿ ಗುರುವಯ್ಯನನ್ನು ಒಮ್ಮೆ ನೋಡಿದರು. ಅವನು ಗಡಿಯಾರ ನೋಡಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಹಾಡು ಕೇಳಿ, ಹಾಡು ಹೇಳಿದ ಜಾಗದಲ್ಲಿ ಹೊಡೆದ.

ಎರಡನೆಯ ಏಟು.

ಚಪ್ಪಾಳೆಯ ನಡುವೆ ಗುರುವಯ್ಯನ ಕಣ್ಣಿಗೆ ಬಿದ್ದದ್ದು ಮುಂದಿನ ಸಾಲು. ಹನ್ನೊಂದು ಹಾಡಿಗೂ ಅಲುಗದೆ ಕೂತಿದ್ದ ದ್ಯಾವಮ್ಮನವರು ಕೋಟಿನ ಉದ್ದನೆಯ ತೋಳಿನಿಂದ ಎರಡು ಬೆರಳು ಹೊರಗೆಳೆದು ಪಕ್ಕದವರಿಗೆ ತೋರಿಸುತ್ತಿದ್ದರು.

ಗೌಡರು ರಂಗ ಹತ್ತಿದರು. ಅವರು ಹಳಿಯನ್ನು ಮುಟ್ಟಿ ನೋಡಿ, ಗುರುವಯ್ಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸೋಮವಾರ ಏಳೂವರೆಗೆ ಮರದಲ್ಲಿ ಏಟು ಬೀಳ್ಬೇಕು, ವಿದ್ವಾಂಸರೇ," ಎಂದರು. ಈ ಬಾರಿ ಆ ಪದ ಹಲ್ಲಿನ ಸಂದಿಯಿಂದ ಬರಲಿಲ್ಲ. ತಿಮ್ಮಮ್ಮ ತವರಿನವರ ಕಡೆ ತಿರುಗಿ, ತಾನು ಯಾವತ್ತೂ ಸಂದೇಹಪಟ್ಟವಳೇ ಅಲ್ಲವೆಂದು ತಿಳಿಸಿದಳು.

"ಅದೆಲ್ಲ ಸರಿ," ಎಂದು ಗೌಡರು ಸಭೆಯತ್ತ ತಿರುಗಿದರು. "ಕದ್ದೋರು ಯಾರು? ಹುಟ್ಟಿದಾಗಿಂದ ಇಂಥ ನಾದಾನ ನಾನು ಕೇಳಿರ್ಲಿಲ್ಲ. ಅವ್ರ ಮೇಲೆ ಕೇಸಿಲ್ಲ. ಸನ್ಮಾನ ಮಾಡ್ತೀನಿ. ಮುಂದೆ ಬರ್ಲಿ!"

ಕೇಳಿಸಿದವರಲ್ಲಿ ಯಾರೂ ಮುಂದೆ ಬರಲಿಲ್ಲ.

ಭೂತಯ್ಯ ಕೆಮ್ಮಿ, ನೋಟುಬುಕ್ಕು ಬಿಚ್ಚಿ, ಕಂಕುಳಲ್ಲಿದ್ದ ಬಟ್ಟೆಯನ್ನು ದೀಪದ ಬೆಳಕಿಗೆ ಹಿಡಿದ. "ಜೀಪಿನಲ್ಲಿ ಸದ್ದಾಗ್ಬಾರ್ದು ಅಂತ ಹಳಿಗೆ ಇದನ್ನ ಸುತ್ತಿದ್ರು." ಕೆಂಗಂದು ಬಣ್ಣದ ಶಾಲು. ಮೂಲೆಯಲ್ಲಿ ಕಾಸಿನಗಲದ ತೂತು. ಡ್ರೈವರ್ ಲಕ್ಕಯ್ಯ ಟೈರಿನಲ್ಲಿ ಗಾಳಿಯಿದೆಯೇ ಎಂದು ನೋಡಲು ಕತ್ತಲೆಗೆ ಸರಿದ.

ಗೌಡರು ತೂತಿನಲ್ಲಿ ಬೆರಳಿಟ್ಟು, ಮುಂದಿನ ಸಾಲಿನ ಬೆತ್ತದ ಕುರ್ಚಿಯ ಕಡೆ ನೋಡಿದರು. ಪೆನ್ನು ಹಿಡಿದ ಭೂತಯ್ಯ ಮೆಲ್ಲಗೆ ಕೇಳಿದ: "ಏನಂತ ಬರ್ಕೊಳ್ಲಿ ಗೌಡ್ರೇ?"

"ದ್ಯಾವಮ್ಮ ಅಂತ ಬರ್ಕೊಳ್ಳಿ, ನಮ್ಮಮ್ಮ."